ಕೆಂಪಕ್ಷರದ ಹೆಸರುಗಳು

ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಲೇಖನವಿಲ್ಲದ ಹೆಸರು ಕೆಂಪಕ್ಷರದಲ್ಲಿ ಕಾಣುತ್ತದೆ. ಅಂಥ ಮಹಿಳೆಯರ ಜೀವನಚರಿತ್ರೆ ಬರೆಯಲೆಂದೇ 2015ರಲ್ಲಿ ‘ವಿಮೆನ್ ಇನ್ ರೆಡ್’ ಎಂಬ ಸ್ವಯಂಸೇವಕರ ಬಳಗ ಹುಟ್ಟಿತು. ಬಿಡಿಗಾಸಿಲ್ಲದ ಈ ದುಡಿಮೆ ಮೆಚ್ಚತಕ್ಕದ್ದೇ. ಆದರೆ ಬರವಣಿಗೆಯ ಮಾತೆತ್ತಿದರೆ ನಿರಾಶೆಯಾಗುತ್ತದೆ: ಹುಟ್ಟು, ಪದವಿ, ಪ್ರಶಸ್ತಿ—ಹಲವು ಲೇಖನಗಳು ನೌಕರಿಯ ಅರ್ಜಿಯಂತೆಯೇ ಇವೆ. ವ್ಯಕ್ತಿ ಎಲ್ಲಿ? ದೋಷವನ್ನು ಬರೆದವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಅನ್ಯರು ಪ್ರಕಟಿಸಿದ ಆಧಾರವಿಲ್ಲದೆ ಅಲ್ಲಿ ಏನನ್ನೂ ಹೇಳುವಂತಿಲ್ಲ. ಕೆನಡದ ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲೆಂಡ್ ಅವರ ಲೇಸರ್ ಸಂಶೋಧನೆ 1985ರಲ್ಲೇ ಅಚ್ಚಾಗಿತ್ತು. 2018ರ ಮೇ ತಿಂಗಳಲ್ಲಿ ಅವರನ್ನು ಕುರಿತ ಕರಡು ಆಧಾರ ಸಾಲದೆಂದು ತಿರಸ್ಕೃತವಾಯಿತು. ಅಕ್ಟೋಬರಿನಲ್ಲಿ ನೊಬೆಲ್ ಘೋಷಣೆಯಾದ ದಿನವೇ ಲೇಖನ ಪ್ರತ್ಯಕ್ಷ! ಪತ್ರಿಕೆಗಳವರಾದ ನಾವು ಬರೆಯದೆ ಬಿಟ್ಟದ್ದನ್ನು, ಪಾಪ, ಆ ಸ್ವಯಂಸೇವಕರು ಎಲ್ಲಿಂದ ಹೆಕ್ಕಿ ತಂದಾರು?