‘ನೀನು ನಾನಲ್ಲ’ ಎಂದ ಗಳಿಗೆ

ವಿಡಿಯೋ ಗೇಮ್‌ನಲ್ಲಿ ಕತೆಯ ರುಚಿ ನೋಡಬೇಕೆನ್ನುವ ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ‘ಪರ್ಸೋನಾ 4’. ಜಪಾನಿನ ಅಟ್ಲಸ್ ಕಂಪನಿ 2008ರಲ್ಲಿ ಪ್ಲೇಸ್ಟೇಷನ್ 2ಕ್ಕೆಂದು ತಂದ ಆಟ. ನಿರ್ದೇಶಕ ಕತ್ಸುರಾ ಹಾಶಿನೋ. 2012ರಲ್ಲಿ ‘ಗೋಲ್ಡನ್’ ಎಂಬ ವಿಸ್ತೃತ ರೂಪ ಬಂತು, 2020ರಿಂದ ಅದು ಕಂಪ್ಯೂಟರಿನಲ್ಲೂ ಸಿಗುತ್ತದೆ. ಹರೆಯದವರು ತಮ್ಮೊಳಗಿನ ಕತ್ತಲೆಗೆ ಮುಖಾಮುಖಿಯಾಗುವ ಕತೆಗಳು ಬೇಕಾದಷ್ಟಿವೆ. ಆ ಮುಖಾಮುಖಿಯನ್ನು ಆಡುವವರ ಕೈಗೂ ದಾಟಿಸುವುದು ಇದರ ಹೆಚ್ಚುಗಾರಿಕೆ. ಹಾಗಾಗಿ ಪರದೆಯ ಜೊತೆಗೆ ನಿಮ್ಮ ಬೆರಳುಗಳ ಮೇಲೂ ಗಮನವಿರಲಿ.

ಮಹಾನಗರದ ಹುಡುಗನೊಬ್ಬ, ಅಂದರೆ ನೀವು ಆಡಿಸುವ ಪಾತ್ರ, ಒಂದು ವರ್ಷದ ಮಟ್ಟಿಗೆ ಇನಾಬಾ ಎಂಬ ಸಣ್ಣ ಊರಿಗೆ, ಸೋದರಮಾವನ ಮನೆಗೆ ಬರುತ್ತಾನೆ. ಊರಲ್ಲಿ ಕೊಲೆಗಳಾಗುತ್ತವೆ. ಅವುಗಳ ಎಳೆ ಹಿಡಿದು ಹೋದರೆ, ಟಿವಿ ಪರದೆಯ ಆಚೆ ಮಂಜು ಕವಿದ ಇನ್ನೊಂದು ಲೋಕವಿದೆ. ಅದರೊಳಗೆ ಹೋದವರೆದುರು ಅವರದೇ ರೂಪದ, ಹೊಂಬಣ್ಣದ ಕಣ್ಣಿನ ‘ನೆರಳು’ ಬಂದು ನಿಲ್ಲುತ್ತದೆ. ಮೊದಲ ಎರಡು ಮೂರು ಗಂಟೆ ಹೆಚ್ಚಾಗಿ ಮಾತೇ. ಬೇಸರಪಟ್ಟು ಬಟನ್ ಒತ್ತಿ ಓಡಿಸಬೇಡಿ. ಮುಂದೆ ನೆರಳು ಆಡುವ ಮಾತುಗಳ ಬೇರು ಇಲ್ಲೇ ಇದೆ.

ಇನಾಬಾದಲ್ಲಿ ಸಿಗುವ ಗೆಳೆಯ ಯೊಸುಕೆ ಹನಾಮುರಾನನ್ನು ನೋಡಿ. ಅವನಪ್ಪ ಊರಿಗೆ ಬಂದ ಜೂನೆಸ್ ಎಂಬ ದೊಡ್ಡ ಮಳಿಗೆಯ ಮ್ಯಾನೇಜರ್. ಆ ಮಳಿಗೆಯ ಹೊಡೆತಕ್ಕೆ ಪೇಟೆಬೀದಿಯ ಅಂಗಡಿಗಳು ಬಾಗಿಲೆಳೆಯುತ್ತಿವೆ. ಊರವರ ಸಿಟ್ಟು ಹುಡುಗನ ಮೇಲೂ ಇದೆ. ಅವನು ಎಲ್ಲರನ್ನೂ ನಗಿಸುತ್ತಾ ತಿರುಗುತ್ತಾನೆ. ಮೆಚ್ಚಿದ ಹುಡುಗಿ ಸಾಕಿ ಕೊನಿಶಿ ಸತ್ತಾಗ, ನಿಜ ತಿಳಿಯಲೇಬೇಕೆಂದು ಟಿವಿಯೊಳಗೆ ಇಳಿಯುತ್ತಾನೆ. ಅಲ್ಲಿ ಅವಳ ಮನೆಯವರ ಮದ್ಯದಂಗಡಿಯ ಪಡಿಯಚ್ಚು. ಎಲ್ಲಿಂದಲೋ ಅವಳದೇ ದನಿ: ಅವನ ಒಡನಾಟವೇ ತನಗೆ ಕಿರಿಕಿರಿಯಾಗಿತ್ತಂತೆ. ಆಮೇಲೆ ನೆರಳು ಬಾಯಿ ತೆರೆಯುತ್ತದೆ. ಈ ಊರು ಅವನಿಗೆ ಸಾಕಾಗಿತ್ತು, ಟಿವಿಯೊಳಗಿನ ಲೋಕ ಒಳಗೊಳಗೇ ಖುಷಿ ಕೊಟ್ಟಿತ್ತು, ಅವಳ ಸಾವು ಟಿವಿಯೊಳಗೆ ಬರಲು ಒಳ್ಳೆಯ ನೆಪವಾಯಿತು ಎನ್ನುತ್ತದೆ. ‘ನೀನು ನಾನಲ್ಲ’ ಎಂದು ಯೊಸುಕೆ ಚೀರುತ್ತಾನೆ. ಅವನು ಹಾಗೆ ಅಂದದ್ದೇ ತಡ, ನೆರಳು ನಕ್ಕು ದೈತ್ಯನಾಗುತ್ತದೆ. ಅಲ್ಲಿಯವರೆಗೆ ಅದು ಬರೀ ಮಾತಾಡುತ್ತಿತ್ತು. ಅದಕ್ಕೆ ಬಲ ಬಂದದ್ದು ಅವನ ನಿರಾಕರಣೆಯಿಂದ.

ಈಗ ಕಾಳಗ. ನಿಮ್ಮ ಪಾತ್ರದ ಶಕ್ತಿಯಾದ ಇಜನಾಗಿಗೆ ಗಾಳಿ ಆಗಿಬರುವುದಿಲ್ಲ, ಈ ನೆರಳಿನ ಆಯುಧವೇ ಗಾಳಿ. ನೆರಳಿಗೆ ಸಿಡಿಲು ಆಗಿಬರುವುದಿಲ್ಲ, ಅದು ಇಜನಾಗಿಯ ಬಳಿ ಇದೆ. ಹೊಸಬರು ಸಿಡಿಲಿನ ಮೇಲೆ ಸಿಡಿಲು ಎಸೆಯುತ್ತಾ ಹೋಗುತ್ತಾರೆ. ನೆರಳು ಒಂದು ಸರದಿಯನ್ನು ಬಲ ಕೂಡಿಸಿಕೊಳ್ಳುವುದರಲ್ಲೇ ಕಳೆದು, ಮುಂದಿನದರಲ್ಲಿ ಅಪ್ಪಳಿಸುತ್ತದೆ. ಆ ಸೂಚನೆ ಕಂಡೊಡನೆ ಹೊಡೆಯುವ ಆಸೆ ಬಿಟ್ಟು ‘ಗಾರ್ಡ್’ ಆರಿಸಿ ನಿಲ್ಲಬೇಕು. ಪೆಟ್ಟು ಬೀಳುತ್ತದೆ, ಆದರೆ ನಿಮ್ಮ ಪಾತ್ರ ನೆಲಕ್ಕೆ ಉರುಳುವುದಿಲ್ಲ. ಕಹಿ ಮಾತನ್ನು ನಿಂತು ಕೇಳಿಸಿಕೊಳ್ಳುವ ತಾಳ್ಮೆಯನ್ನು ಕತೆಯು ಯೊಸುಕೆಯಿಂದ ಬೇಡುವ ಮೊದಲೇ ಆಟ ನಿಮ್ಮಿಂದ ಬೇಡುತ್ತದೆ. ಇದಕ್ಕಾಗಿಯೇ ತೀರಾ ಸುಲಭದ ಮಟ್ಟದಲ್ಲಿ ಆಡಬೇಡಿ ಎನ್ನುತ್ತೇನೆ. ಅಲ್ಲಿ ಈ ತಾಳ್ಮೆಯ ಅಗತ್ಯವೇ ಬೀಳುವುದಿಲ್ಲ.

ಸೋತ ನೆರಳು ಸಾಯುವುದಿಲ್ಲ. ಮತ್ತೆ ಹುಡುಗನ ರೂಪಕ್ಕೆ ಮರಳಿ ಮೌನವಾಗಿ ನಿಂತಿರುತ್ತದೆ. ಒಪ್ಪಲು ಕಷ್ಟವಾದರೂ ಇದೂ ನಾನೇ ಎಂದು ಯೊಸುಕೆ ಗೆಳೆಯರೆದುರೇ ಹೇಳಿದಾಗ, ತಲೆಯಾಡಿಸಿ ಜಿರಾಯಾ ಎಂಬ ಶಕ್ತಿಯಾಗಿ ಅವನೊಳಗೆ ಸೇರುತ್ತದೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ವಿಚಾರಗಳಿಂದ ಬಂದ ಕಲ್ಪನೆ ಇದು. ಯೂಂಗ್ ಅವರನ್ನು ಓದಿರದಿದ್ದರೂ ದೃಶ್ಯ ತಟ್ಟುತ್ತದೆ.

ಉಳಿದ ಗೆಳೆಯರಿಗೂ ಇದೇ ಗತಿ. ಮನೆತನದ ವಸತಿಗೃಹಕ್ಕೆ ವಾರಸುದಾರಳಾದ ಯುಕಿಕೊಗೆ ಯಾರಾದರೂ ಬಂದು ತನ್ನನ್ನು ಬಿಡಿಸಿಕೊಂಡು ಹೋಗಲಿ ಎಂಬಾಸೆ. ಪುಂಡನೆಂದು ಹೆಸರಾದ ಕಾಂಜಿಗೆ ಹೊಲಿಗೆ ಪ್ರೀತಿ, ತಿರಸ್ಕಾರದ ಭಯ. ಕಾಂಜಿಯ ಭಾಗದಲ್ಲಿ ಆಟ ನನಗೆ ನಿರಾಸೆ ತಂದಿದೆ. ನೆರಳನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಆ ಹುಡುಗನಿಂದ ಕೇಳಿ, ಆಮೇಲೆ ಅದೇ ವಿಷಯಕ್ಕೆ ಯೊಸುಕೆಯ ಬಾಯಲ್ಲಿ ಅವನನ್ನು ಗೇಲಿ ಮಾಡಿಸುತ್ತದೆ. ಆಟವನ್ನು ಪ್ರೀತಿಸುವವರು ಇದನ್ನೂ ಹೇಳಬೇಕು.

ಇಷ್ಟು ಉದ್ದದ ಆಟಕ್ಕೆ ಸಮಯವಿಲ್ಲದವರು 2018ರ ‘ಸೆಲೆಸ್ಟ್’ ಆಡಿ. ಪರ್ವತ ಹತ್ತಲು ಹೊರಟ ಮ್ಯಾಡೆಲಿನ್‌ಳ ಕರಾಳ ಪ್ರತಿರೂಪ ಕನ್ನಡಿ ಒಡೆದು ಹೊರಬಂದು ಅಟ್ಟಿಸಿಕೊಂಡು ಬರುತ್ತದೆ. ನೀವು ಹಾರಿದ ದಾರಿಯಲ್ಲೇ, ಹಾರಿದಂತೆಯೇ, ತುಸು ತಡವಾಗಿ ಅದೂ ಹಾರುತ್ತದೆ. ಅಂಜಿ ಹಿಂದೆ ಸರಿದರೆ ನಿಮ್ಮದೇ ಹಳೆಯ ಹೆಜ್ಜೆಗೆ ಸಿಕ್ಕಿಬೀಳುತ್ತೀರಿ. ಕೊನೆಗೆ ಇಬ್ಬರೂ ರಾಜಿಯಾದಾಗ ಗಾಳಿಯಲ್ಲಿ ಒಮ್ಮೆ ಚಿಮ್ಮುತ್ತಿದ್ದವಳು ಎರಡು ಬಾರಿ ಚಿಮ್ಮಬಲ್ಲಳು. ಸಂಭಾಷಣೆ ಇಲ್ಲದೆಯೂ ರಾಜಿಯ ಅರ್ಥ ಕೈಗೆ ಗೊತ್ತಾಗುತ್ತದೆ.

‘ಪರ್ಸೋನಾ’ಗೇ ಸಮಯ ಕೊಡುವವರಿಗೆ ಇನ್ನೊಂದು ಮಾತು: ಸುರಂಗ, ಕೋಟೆಗಳ ಕಾಳಗ ಮುಗಿಯಿತೆಂದು ಗೆಳೆಯರನ್ನು ಮರೆಯಬೇಡಿ. ಶಾಲೆ ಬಿಟ್ಟ ಮೇಲೆ ಯೊಸುಕೆಯ ಜೊತೆ ಕಳೆಯುವ ಸಂಜೆಗಳಲ್ಲಿ ಕತೆ ನಿಧಾನವಾಗಿ ಬೆಳೆಯುತ್ತದೆ. ಜಿರಾಯಾ ದಕ್ಕಿದ ಎಷ್ಟೋ ತಿಂಗಳ ನಂತರವೂ ನಿಮ್ಮ ಪಾತ್ರದ ಮೇಲಿನ ಹೊಟ್ಟೆಕಿಚ್ಚು ಅವನಲ್ಲಿ ಉಳಿದಿದೆ. ಸಮೆಗಾವಾ ನದಿಯ ದಂಡೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿ, ನನಗೊಂದು ಬಾರಿಸು ಎನ್ನುತ್ತಾನೆ. ಈ ಸಲ ನೆರಳು ಎದುರು ಬಂದಿಲ್ಲ, ಯಾರೂ ಅವನನ್ನು ಮೂಲೆಗೆ ಒತ್ತಿಲ್ಲ.