ತಪ್ಪು ಎಲ್ಲಿದೆ ಎಂದು ಹೇಳದ ಸೆಟ್ಟಿಂಗ್ಸ್

ವಿಂಡೋಸ್ 10ರಲ್ಲಿ ಕಂಪ್ಯೂಟರಿಗೆ ಖಾಯಂ ಐಪಿ ವಿಳಾಸ ಕೊಡಲು ಎರಡು ದಾರಿಗಳಿವೆ. ಒಂದು ಹಳೆಯ ಕಂಟ್ರೋಲ್ ಪ್ಯಾನೆಲ್. ಇನ್ನೊಂದು, 2019ರ ಆವೃತ್ತಿಯಲ್ಲಿ ಸೆಟ್ಟಿಂಗ್ಸ್ ಒಳಗೆ ಬಂದು ಸೇರಿದ ಹೊಸ ಫಾರಂ. ನೋಡಲು ಹೊಸದೇ ಚೆಂದ. ಕೆಲಸಕ್ಕೆ ಕೂತರೆ ಮಾತ್ರ ಹಳೆಯದೇ ವಾಸಿ.

ಹೊಸ ಫಾರಂ 'ಸಬ್‌ನೆಟ್ ಪ್ರಿಫಿಕ್ಸ್ ಲೆಂತ್' ಎಷ್ಟು ಎಂದು ಕೇಳುತ್ತದೆ. ವರ್ಷಗಟ್ಟಲೆ ಸಬ್‌ನೆಟ್ ಮಾಸ್ಕ್ ತುಂಬಿ ರೂಢಿಯಾದ ಕೈ ತಾನಾಗಿ 255.255.255.0 ಎಂದು ಟೈಪ್ ಮಾಡುತ್ತದೆ. ಅದಕ್ಕೆ ಬೇಕಿರುವುದು ಬರೀ 24. ಎರಡೂ ಹೇಳುವುದು ಒಂದನ್ನೇ: ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ನೆಟ್‌ವರ್ಕಿಗೆ ಸೇರಿದವು. ಒಂದನ್ನು ಕೊಟ್ಟರೆ ಇನ್ನೊಂದನ್ನು ಲೆಕ್ಕ ಹಾಕಿಕೊಳ್ಳುವುದು ಕಂಪ್ಯೂಟರಿಗೆ ಒಂದು ಕೆಲಸವೇ ಅಲ್ಲ. ಆದರೂ ಅದು, ಐಪಿ ಸೆಟ್ಟಿಂಗ್ಸ್ ಉಳಿಸಲಾಗಲಿಲ್ಲ, ಇನ್ನೊಮ್ಮೆ ನೋಡಿ ಪ್ರಯತ್ನಿಸಿ ಎಂಬರ್ಥದ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಯಾವ ಖಾನೆ ತಪ್ಪು? ವಿಳಾಸವೋ, ಗೇಟ್‌ವೇಯೋ, ಡಿಎನ್‌ಎಸ್ಸೋ? ನೀವೇ ಹುಡುಕಿಕೊಳ್ಳಿ.

ಹಳೆಯ ಪೆಟ್ಟಿಗೆಯಲ್ಲಿ ವಿಳಾಸ ಬರೆದು ಟ್ಯಾಬ್ ಒತ್ತಿದರೆ ಮಾಸ್ಕ್ ತಾನೇ ತುಂಬಿಕೊಳ್ಳುತ್ತದೆ. ಗೇಟ್‌ವೇ ಬೇರೆ ಸಬ್‌ನೆಟ್ಟಿನದಾಗಿದ್ದರೆ ಅದನ್ನೇ ಬೆರಳಿಟ್ಟು ತೋರಿಸಿ, ಹೀಗೇ ಉಳಿಸಲೇ ಎಂದು ಕೇಳುತ್ತದೆ. ಭಾಷೆ ಒರಟು, ತಿಳಿಯದವರಿಗೆ ದಿಗಿಲೂ ಆದೀತು. ಆದರೆ ವಿಷಯ ಮುಚ್ಚಿಡುವುದಿಲ್ಲ. ಬಲ್ಲವರು ಇಂದಿಗೂ ರನ್ ಪೆಟ್ಟಿಗೆಯಲ್ಲಿ 'ಎನ್‌ಸಿಪಿಎ ಡಾಟ್ ಸಿಪಿಎಲ್' ಎಂದು ಬರೆದು ನೇರ ಅಲ್ಲಿಗೇ ಹೋಗುವುದು ಬರೀ ಹಳೆಯ ಚಾಳಿಯಿಂದಲ್ಲ.

ಸಂಪರ್ಕ ಕಡಿದಾಗಲೂ ಇದೇ ಕಥೆ. ಮೈಕ್ರೋಸಾಫ್ಟಿನ ತಾಣದಿಂದ ಪುಟ್ಟದೊಂದು ಪಠ್ಯಫೈಲು ತರಿಸಿಕೊಳ್ಳಲು ವಿಂಡೋಸ್ ಆಗಾಗ ಯತ್ನಿಸುತ್ತದೆ. ಬರದಿದ್ದರೆ 'ನೋ ಇಂಟರ್ನೆಟ್'. ರೂಟರ್ ವಿಳಾಸ ಕೊಡದಿದ್ದರೂ, ಡಿಎನ್‌ಎಸ್ ಕೈಕೊಟ್ಟರೂ, ಬೀದಿಯಲ್ಲಿ ಕೇಬಲ್ಲೇ ತುಂಡಾಗಿದ್ದರೂ ಎಲ್ಲಕ್ಕೂ ಅದೇ ಎರಡು ಪದ. ಮೂರಕ್ಕೂ ಮದ್ದು ಬೇರೆ ಬೇರೆ ಎಂಬುದು ವಿನ್ಯಾಸ ಮಾಡಿದವರಿಗೆ ತಿಳಿಯದ ಸಂಗತಿಯೇನಲ್ಲ. ಕೊನೆಯ ಅಸ್ತ್ರವೆಂದು ಅವರು ಕೊಟ್ಟಿರುವ 'ನೆಟ್‌ವರ್ಕ್ ರೀಸೆಟ್' ಅಡಾಪ್ಟರುಗಳನ್ನೆಲ್ಲ ಕಿತ್ತು ಮತ್ತೆ ಕೂರಿಸುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬಾಬತ್ತು ಇದು.

ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಎಂದು ಕೊಟ್ಟು ನೋಡಿ. ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರಿನ ಡಿಎಚ್‌ಸಿಪಿಯಿಂದ ಏನೂ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಪಕ್ಕದಲ್ಲಿ 'ಆಟೋಕಾನ್ಫಿಗರೇಶನ್' ಎಂದೂ ಬರೆದಿರುತ್ತದೆ. ರೋಗ ಯಾವುದೆಂದು ವಿಂಡೋಸ್‌ಗೆ ಮೊದಲೇ ಗೊತ್ತಿತ್ತು. ಸೆಟ್ಟಿಂಗ್ಸ್ ಬಾಯಿ ಬಿಡಲಿಲ್ಲ, ಅಷ್ಟೇ.