ಮಪೊಗೊ ಕಥನದಲ್ಲಿ ಕೇಳಿಸದೆ ಹೋದ ಗರ್ಜನೆ

ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಕಾಡಿನ ಪಶ್ಚಿಮ ಭಾಗವನ್ನು 2006ರಿಂದ ಕೆಲವು ವರ್ಷ ಹಿಡಿದಿಟ್ಟ ಆರು ಗಂಡು ಸಿಂಹಗಳ ಗುಂಪೇ ಮಪೊಗೊ. ಅವುಗಳ ಏಳುಬೀಳಿನ ಸಾಕ್ಷ್ಯಚಿತ್ರ ‘ಬ್ರದರ್ಸ್ ಇನ್ ಬ್ಲಡ್’ (2015). ಅದನ್ನು ನಾನು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಅವುಗಳಲ್ಲೊಂದಾದ ಕಿಂಕಿ ಟೇಲ್‌ನ ಸಾವು ಬಂದಾಗ ಉಸಿರು ಬಿಗಿಹಿಡಿದಿದ್ದೇನೆ. 2010ರ ಜೂನ್‌ನಲ್ಲಿ ಹೊರಗಿನಿಂದ ಮಜಿಂಗಿಲಾನೆ ಎಂಬ ಐದು ಗಂಡುಗಳು ನುಗ್ಗಿದವು. ಮಪೊಗೊಗಳು ಒಂದನ್ನು ಕೆಡವಿದವು. ಉಳಿದ ನಾಲ್ಕು ಸೇರಿ ಕಿಂಕಿ ಟೇಲ್‌ನನ್ನು ಕೊಂದವು. ಆ ಕಾಳಗದ ಭಾರವನ್ನು ಚಿತ್ರ ನಿಜಕ್ಕೂ ನಮಗೆ ಮುಟ್ಟಿಸುತ್ತದೆ.

ಆದರೆ ‘ರಕ್ತಸಂಬಂಧದ ಸೋದರರು’ ಎಂಬರ್ಥದ ಶೀರ್ಷಿಕೆಯ ಬಗ್ಗೆಯೇ ನನ್ನ ತಕರಾರು ಇದೆ. ಮಪೊಗೊಗಳಲ್ಲಿ ಐವರು ಒಂದೇ ಹಿಂಡಿನಲ್ಲಿ ಬೆಳೆದವರು. ಹಿರಿಯ ಮಖುಲು ಹೊರಗಿನಿಂದ ಬಂದು ಕೂಡಿಕೊಂಡವನು. ಸೆರೆಂಗೆಟಿಯಲ್ಲಿ ಧ್ವನಿಮುದ್ರಿತ ಗರ್ಜನೆಗಳನ್ನು ಕೇಳಿಸಿ ನಡೆಸಿದ ಪ್ರಯೋಗ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಂಡುಗಳು ಎದುರಾಳಿಗಳ ಸಂಖ್ಯೆ ಹೆಚ್ಚಿದ್ದರೂ ಮುನ್ನುಗ್ಗಿದವು, ಜೊತೆಗಾರ ಒಡಹುಟ್ಟಿದವನೋ ಅಲ್ಲವೋ ಎಂದು ನೋಡಲಿಲ್ಲ. ಹಾಗಿದ್ದ ಮೇಲೆ ಈ ಒಗ್ಗಟ್ಟಿಗೆ ರಕ್ತದ ಹೆಸರು ಯಾಕೆ?

ಇನ್ನು ಗುಂಪಿನ ಮಿಸ್ಟರ್ ಟಿ ಎಂಬ ಗಂಡಿಗೆ ಅಂಟಿಸಿದ ಇನ್ನೊಂದು ಹೆಸರು ‘ಸೈತಾನ’. ಹೆಸರಿಟ್ಟ ಕೂಡಲೇ ತೀರ್ಪೂ ಕೊಟ್ಟಂತಾಯಿತು. ಮಪೊಗೊಗಳು ನೂರಕ್ಕೂ ಹೆಚ್ಚು ಸಿಂಹಗಳನ್ನು ಕೊಂದವೆಂಬ ಮಾತು ಎಲ್ಲೆಡೆ ಓಡಾಡುತ್ತದೆ. ಕೂತು ಎಣಿಸಿದವರು ಯಾರು? ಮರಿಗಳನ್ನು ಕೊಲ್ಲುವುದಕ್ಕಂತೂ ಕಾರಣವಿದೆ. ಮರಿಗಳಿರುವ ಸಿಂಹಿಣಿ ಸುಮಾರು ಎರಡು ವರ್ಷ ಮತ್ತೆ ಗರ್ಭ ಧರಿಸುವುದಿಲ್ಲ. ಗಂಡಿನ ಆಳ್ವಿಕೆ ಬಹಳಷ್ಟು ಸಲ ಎರಡು ಮೂರು ವರ್ಷಕ್ಕೇ ಮುಗಿಯುತ್ತದೆ. ಹೊಸ ಗಂಡು ಹಳಬರ ಮರಿಗಳನ್ನು ಕೊಲ್ಲುವುದು ಈ ಅವಸರದಿಂದ. ಅದನ್ನು ದುಷ್ಟತನವೆಂದು ಕರೆದರೆ ಸಿಂಹದ ಬದುಕು ನಮ್ಮ ಕೈಗೆ ಸಿಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಸಿಂಹಿಣಿಯರ ಗೈರು. ಈ ಕಥನದಲ್ಲಿ ಅವರು ಗೆದ್ದವನ ಪಾಲಿನ ಸೊತ್ತಿನಂತೆ ಹಿನ್ನೆಲೆಯಲ್ಲಿ ಉಳಿಯುತ್ತಾರೆ. ಸೆರೆಂಗೆಟಿಯಲ್ಲೇ ಸಂಶೋಧಕರು ಕಂಡದ್ದು ಬೇರೆ. ಸಿಂಹಿಣಿ ಗರ್ಜನೆ ಕೇಳಿಯೇ ಮರಿಗಳ ಅಪ್ಪನನ್ನೂ ಪರಕೀಯನನ್ನೂ ಬೇರೆ ಮಾಡಿ ಗುರುತಿಸುತ್ತಾಳೆ. ಒಂದು ಗಂಟಲು ಕೂಗಿತೋ ಮೂರು ಕೂಗಿದವೋ ತಿಳಿದು ಹೆಜ್ಜೆ ಇಡುತ್ತಾಳೆ. ಗಡಿ ನಿಲ್ಲುವುದು ಹೆಚ್ಚಾಗಿ ಇಂಥ ಕೂಗಿನಿಂದ, ಪೊದೆಗೆ ಸಿಂಪಡಿಸಿದ ಮೂತ್ರದ ವಾಸನೆಯಿಂದ. ಹಲ್ಲು ಉಗುರಿನ ಕಾಳಗ ಅಪರೂಪ. ಚಿತ್ರ ಅಪರೂಪದ್ದನ್ನು ತುಂಬಿಕೊಂಡು ದಿನನಿತ್ಯದ್ದನ್ನು ಬಿಟ್ಟಿದೆ. ಕತ್ತಲಲ್ಲಿ ಅಪರಿಚಿತ ಗರ್ಜನೆ ಕೇಳಿದ ತಾಯಿ ಮರಿಗಳನ್ನು ಕರೆದುಕೊಂಡು ಸದ್ದಿಲ್ಲದೆ ಜಾಗ ಬಿಡುವ ಆ ಹೊತ್ತನ್ನು ನಾನು ಮೂರು ಸಲವೂ ಕಾದೆ.